ಟಾಕೋ ಅಲ್ಲ, ತಕೋ

ಮೊನ್ನೆ ತುಮಕೂರಿನ ನಮ್ಮ ಬೀದಿಯ ತುದಿಯಲ್ಲಿ ಜೋಳದ ರೊಟ್ಟಿ ಸುಟ್ಟ ವಾಸನೆ ಮೂಗಿಗೆ ಬಡಿಯಿತು. ತಲೆ ಎತ್ತಿದರೆ ಗಾಡಿಯ ಮೇಲೆ ‘ಟಾಕೋ’ ಅಂತ ಬರೆದಿದೆ. ಮೆಕ್ಸಿಕೋದವರ ತಿಂಡಿ ಅದು. ರೊಟ್ಟಿ ಮಡಚಿ, ಒಳಗೆ ಪಲ್ಯ ತುಂಬಿ, ಕೈಯಲ್ಲೇ ತಿನ್ನುವುದು. ಆದರೆ ನಮ್ಮ ಮನೆಯಲ್ಲಿ ಆ ಮಾತಿನ ಅರ್ಥವೇ ಬೇರೆ, ಕೇಳಿ.

ನಮ್ಮ ಕಡೆ ‘ತಗೋ’ ಅನ್ನುವುದನ್ನು ‘ತಕೋ’ ಅನ್ನುತ್ತೇವೆ. ಪಂಕ್ತಿಯಲ್ಲಿ ಕೂತವರಿಗೆ ಮನೆಯವರು ಬಂದು “ಇನ್ನೊಂಚೂರು ತಕೋ” ಅಂತ ಬಲವಂತ ಮಾಡದಿದ್ದರೆ ಪಾಯಸ ಗಂಟಲಲ್ಲಿ ಇಳಿಯುವುದಿಲ್ಲ. ನನ್ನ ಮದುವೆಯ ಗಡಿಬಿಡಿಯಲ್ಲಿ ಅಮ್ಮ ತನ್ನ ಸ್ವಂತ ಅಕ್ಕನ ಎಲೆಯ ಮುಂದೆ ನಿಲ್ಲುವುದನ್ನೇ ಮರೆತಳು. ಅಮೃತೂರಿನ ದೊಡ್ಡಮ್ಮ ಅರ್ಧ ಊಟಕ್ಕೇ ಎದ್ದು ಬಸ್ಸು ಹತ್ತಿದಳು. ಅಲ್ಲಿಂದಾಚೆ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟಲಿಲ್ಲ. ಸಂಧಾನಕ್ಕೆ ಹೋದ ನಾನು ಎರಡೂ ಕಡೆ ಬೈಸಿಕೊಂಡೆ, ಮದುವೆಯಾದದ್ದೇ ನನ್ನ ತಪ್ಪು ಎಂಬಂತೆ.

ಹೋದ ವರ್ಷ ನನ್ನ ಮಗಳ ಹುಟ್ಟುಹಬ್ಬ. ಅವಳು ಹಟ ಹಿಡಿದು ದೊಡ್ಡಮ್ಮನನ್ನೂ ಹೋಟೆಲಿಗೆ ಕರೆಸಿದಳು. ಅಕ್ಕತಂಗಿಯರು ಎದುರುಬದುರು ಕೂತು ಗೋಡೆ ನೋಡುತ್ತಿದ್ದರು. ತಟ್ಟೆ ಬಂತು. ಇದೇನೆಂದು ಅಮ್ಮ ಮೊಮ್ಮಗಳನ್ನು ಕೇಳಿದಳು. ಅವಳು ‘ಟಾಕೋ’ ಅಂದದ್ದನ್ನು ಅಮ್ಮ ತನ್ನ ನಾಲಿಗೆಗೆ ಒಗ್ಗಿಸಿಕೊಂಡು ಜೋರಾಗಿಯೇ ಅಂದಳು: “ತಕೋ.”

ದೊಡ್ಡಮ್ಮ ಕೈ ಚಾಚಿ ಒಂದನ್ನು ಎತ್ತಿಕೊಂಡಳು. “ಈಗ್ಲಾದ್ರೂ ಅಂದ್ಯಲ್ಲ, ಬುಡು” ಅಂತ ಕಚ್ಚಿದಳು.

ಯಾರಾದರೂ ತಿದ್ದಿದರೆ ಕಥೆ ಮುಗಿದ ಹಾಗೆ. ಮಗಳು ಬಾಯಿ ತೆರೆದಳು. ಮೇಜಿನ ಕೆಳಗೆ ಅವಳ ಕಾಲು ತುಳಿದೆ. ದಂಗುಬಡಿದ ಅಮ್ಮ ತನ್ನ ತಟ್ಟೆಯನ್ನೇ ಅತ್ತ ತಳ್ಳಿ, “ಇದ್ನೂ ತಕೋ ಅಕ್ಕ” ಅಂದಳು.

ಮೊನ್ನೆಯ ಗಾಡಿ ಇದನ್ನೆಲ್ಲ ನೆನಪಿಸಿತೆಂದು ನಿನ್ನೆ ಅಮೃತೂರಿಗೆ ಹೋದೆ. ಊಟಕ್ಕೆ ಕೂತಾಗ ನಗುತ್ತಾ ಹೇಳಿಯೇಬಿಟ್ಟೆ: ಅವತ್ತು ಅಮ್ಮ ಅಂದದ್ದು ಬರೀ ತಿಂಡಿಯ ಹೆಸರು, ನಿನ್ನ ಕಿವಿ ಮೋಸ ಹೋಯಿತು ಅಂತ. ದೊಡ್ಡಮ್ಮ ನಗಲಿಲ್ಲ.

“ನಂಗೊತ್ತಿತ್ತು ಕಣ್ಲಾ. ಗೋಡೆ ಮೇಲೆ ತಿಂಡಿ ಹೆಸ್ರು ಕನ್ನಡದಲ್ಲೇ ಬರ್ದಿದ್ರು, ಓದಿದ್ದೆ. ಅವಳಾಗೇ ಬಂದು ತಕೋ ಅನ್ನೋಗಂಟ ಕಾದಿದ್ರೆ, ಇಬ್ರಲ್ಲಿ ಒಬ್ರು ಹೊಂಟೋಗಿರ್ತಿದ್ವಿ.”

ಒಂದು ವರ್ಷದಿಂದ ಇದನ್ನು ತಮಾಷೆಯೆಂದು ಊರೆಲ್ಲ ಹೇಳಿಕೊಂಡು ತಿರುಗಿದವನು ನಾನು. ದೊಡ್ಡಮ್ಮ ಎರಡನೇ ಮುದ್ದೆಯನ್ನು ನನ್ನ ತಟ್ಟೆಗೆ ಇಟ್ಟಳು. ಹೊಟ್ಟೆ ತುಂಬಿತ್ತು, ಬೇಡ ಅನ್ನಲು ಧೈರ್ಯ ಬರಲಿಲ್ಲ.