ಅಮ್ಮಿಯ ಮುಖದ ಮೇಲೆ ನನ್ನ ಫ್ಲೆಕ್ಸು

ಅಬ್ಬಾ ಬಸವಕಲ್ಯಾಣದ ಅರ್ಧ ಅಂಗಡಿಗಳ ಬೋರ್ಡು ಬರೆದವರು. ಕನ್ನಡ, ಉರ್ದು, ಮರಾಠಿ, ಯಾವುದು ಕೇಳಿದರೂ ಕೈ ಸರಾಗ. ಮುಖ ಮಾತ್ರ ಬರೆಯುತ್ತಿರಲಿಲ್ಲ. ಕೋಳಿ ಅಂಗಡಿಯವನು ಬೋರ್ಡಿನ ಮೇಲೊಂದು ಕೋಳಿ ಬೇಕೆಂದು ಗೋಗರೆದರೂ ಬರೀ ಮೊಟ್ಟೆ ಬರೆದು ಬಂದಿದ್ದರು. “ಜೀವ ಇದ್ದದ್ದು ಬರಿಯೋದು ನಮ್ಮ ಕೆಲಸ ಅಲ್ಲ ಬೇಟಾ. ಅಕ್ಷರ ಬರಿ, ಹೊಟ್ಟಿ ತುಂಬ್ತದ” ಎನ್ನುತ್ತಿದ್ದರು. ನಾನು ಕಲಬುರಗಿಗೆ ಹೋಗಿ ಮುಖ ಬರೆಯುವುದನ್ನೇ ಕಲಿತು ಬಂದೆ. ನನ್ನ ಒಂದು ಚಿತ್ರವನ್ನೂ ಅವರು ಕಣ್ಣೆತ್ತಿ ನೋಡಲಿಲ್ಲ.

ಅಮ್ಮಿ ತೀರಿಕೊಂಡ ಮೇಲೆ ಮನೆಯಲ್ಲಿ ಅವಳದೊಂದು ಫೋಟೊ ಇಲ್ಲವೆಂದು ಗೊತ್ತಾಯಿತು. ರೇಷನ್ ಕಾರ್ಡಿನಲ್ಲಿದ್ದ ಮುಖದ ತುಂಬ ಸೀಲಿನ ಮಸಿ.

ಅವಳ ತವರು ಹುಮನಾಬಾದು. ಅಲ್ಲಿ ಅವಳ ಓಣಿಯ ಶಾಲೆಯ ಗೋಡೆಗೆ ಪುಕ್ಕಟೆ ಚಿತ್ರ ಬರೆದುಕೊಡುತ್ತೇನೆಂದೆ. ಪೇಪರಿನವರು ಸಮಾಜಸೇವೆ ಎಂದು ಬರೆದರು. ನನಗೆ ಬೇಕಾಗಿದ್ದದ್ದು ಒಂದು ಗೋಡೆ. ಭಾನುವಾರ ಬಂದರೆ ಬಸ್ ಹತ್ತುತ್ತಿದ್ದೆ. ತೊಗರಿ ಕೇರುವವಳು, ಬಳೆ ಮಾರುವವಳು, ಹೀಗೆ ಓಣಿಯ ಹೆಂಗಸರನ್ನೇ ಬರೆದೆ. ನಡುವೆ ಸೆರಗು ಸರಿಮಾಡಿಕೊಳ್ಳುತ್ತ ನಿಂತ ಅಮ್ಮಿ. ಅವಳು ತಿದ್ದದೆ, ಅಳಿಸದೆ ಒಂದೇ ಸಲಕ್ಕೆ ಬಂದಳು. ಶಾಲೆಯ ಎದುರು ಮನೆಯ ಮುದುಕಿ ಅಮ್ಮಿಯ ಬಾಲ್ಯದ ಗೆಳತಿ. “ಇಕಿ ಹೊರಗ ಯಾಕ ನಿಂತಾಳ? ಒಳಗ ಬಾ ಅನ್ನಪ್ಪಾ” ಎಂದು ಅತ್ತುಬಿಟ್ಟಳು.

ಇದನ್ನು ಹೇಳಿದಾಗ ಅಬ್ಬಾ ಬಯ್ಯಲಿಲ್ಲ. “ಒಮ್ಮಿ ನಂಗೂ ಕರ್ಕೊಂಡ್ ಹೋಗು” ಎಂದರು.

ಶಾಲೆಯವರು ನನಗೆ ಸನ್ಮಾನ ಇಟ್ಟುಕೊಂಡ ದಿನವೇ ಕರೆದುಕೊಂಡು ಹೋದೆ. ಅಬ್ಬಾ ಇಸ್ತ್ರಿ ಮಾಡಿದ ಪೈಜಾಮ ತೊಟ್ಟಿದ್ದರು. ಗೇಟು ದಾಟಿ ನೋಡಿದರೆ ಗೋಡೆಯ ತುಂಬ ನಾನೇ! ‘ಹೆಮ್ಮೆಯ ಕಲಾವಿದನಿಗೆ ಸ್ವಾಗತ’ ಎಂಬ ಫ್ಲೆಕ್ಸಿನಲ್ಲಿ ಹಲ್ಲು ಕಿರಿಯುತ್ತ ಕೈಮುಗಿದಿದ್ದೆ. ಸುತ್ತ ಊರ ಮುಖಂಡರ ಮುಖಗಳು. ಗಾಳಿಗೆ ಹಾರಬಾರದೆಂದು ನಟ್ಟನಡುವೆಯೂ ಮರದ ಪಟ್ಟಿಯಿಟ್ಟು ಮೊಳೆ ಹೊಡೆದಿದ್ದರು.

ಅಬ್ಬಾ ಕಣ್ಣು ಕಿರಿದು ಮಾಡಿ ಹುಡುಕಿದರು. “ಎಲ್ಲಿ ಅದಾಳ?”

ಫ್ಲೆಕ್ಸಿನ ಹಿಂದೆ ಎಂದು ಕೈ ತೋರಿಸಿದೆ. ಆದರೂ ಹಾರ ಹಾಕಿಸಿಕೊಂಡು ಕೂತೆ. ಜನ ಹೋದ ಮೇಲೆ ಪಟ್ಟಿ ಕಿತ್ತರೆ ಮೊಳೆಯ ಜೊತೆ ಗೋಡೆಯ ಗಿಲಾವೂ ಉದುರಿತು. ಅಮ್ಮಿಯ ಹಣೆಯಿಂದ ಗದ್ದದವರೆಗೆ ಬರೀ ಇಟ್ಟಿಗೆ. ಹೆಡ್‌ಮಾಸ್ತರರು ಸಮಾಧಾನ ಹೇಳಿದರು: “ಪುಟ್ಟಿ ಹಚ್ಚಿಸಿ ಕೊಡ್ತೀವ್ರಿ ಸರ್, ಮತ್ತ ಬರದ್ ಬಿಡ್ರಿ. ನಿಮಗೇನು ದೊಡ್ಡ ಕೆಲಸ್ರಿ?”

ಪುಟ್ಟಿ ಹಚ್ಚಿದರು. ಈಗಲೂ ಭಾನುವಾರ ಹೋಗಿ ಆ ಬಿಳಿ ಜಾಗದ ಮುಂದೆ ನಿಲ್ಲುತ್ತೇನೆ. ಕುಂಚ ಹಿಡಿದರೆ ಗೋಡೆಗೆ ಯಾರ್ಯಾರೋ ಬರುತ್ತಾರೆ, ಅಮ್ಮಿ ಬರುವುದಿಲ್ಲ; ಒರೆಸುತ್ತೇನೆ. ಫ್ಲೆಕ್ಸನ್ನು ಎದುರು ಮನೆಯ ಮುದುಕಿ ಸೋರುವ ತಗಡಿನ ಮೇಲೆ ಹೊದಿಸಿಕೊಂಡಿದ್ದಾಳೆ. ಅಲ್ಲಿ ನಾನು ಇನ್ನೂ ನಗುತ್ತಿದ್ದೇನೆ.

ಸಂಜೆ ಮನೆ ಮುಟ್ಟುವುದೇ ತಡ, ಜೀವಮಾನವಿಡೀ ಮುಖ ಬೇಡವೆಂದ ಅಬ್ಬಾ ಬಾಗಿಲಿಗೇ ಬಂದು ಕೇಳುತ್ತಾರೆ: “ಬಂದ್ಳೇನು?”

“ಇನ್ನ ಬಣ್ಣ ಒಣಗಿಲ್ಲ ಅಬ್ಬಾ” ಎನ್ನುತ್ತೇನೆ.