ಎಡಗೈಯ ಬಳೆಗಳು

ಮೊನ್ನೆ ಎಡಗೈಗೆ ಏರಿಸುವಾಗ ಹಸಿರು ಬಳೆಯೊಂದು ಮುಷ್ಟಿಯಲ್ಲೇ ಸಿಕ್ಕಿಕೊಂಡಿತು. ಮುಂದಕ್ಕೂ ಹೋಗದು, ಹಿಂದಕ್ಕೂ ಬಾರದು. ನಳದ ಕೆಳಗೆ ಕೈ ಹಿಡಿದು ಕೆಂಪು ಸೋಪು ತಿಕ್ಕಿದ್ದೇ ತಡ, ಆ ವಾಸನೆಗೆ ಎಲ್ಲರೂ ‘ಬಳಿ ಆಯಿ’ ಎನ್ನುತ್ತಿದ್ದ ಬಳೆಗಾರ ಅಜ್ಜಿ ನೆನಪಾದಳು. ಮುದ್ದೇಬಿಹಾಳದ ನಮ್ಮ ಓಣಿಗೆ ಬಳೆ ಮಾರಲು ಬರುತ್ತಿದ್ದ ಮುದುಕಿ. ಅವಳ ಬುಟ್ಟಿಯಲ್ಲಿ ಬಳೆಗಳ ಜೊತೆ ಒಂದು ತುಂಡು ಕೆಂಪು ಸೋಪು ಸದಾ ಇರುತ್ತಿತ್ತು.

ತೊಂಬತ್ತರ ದಶಕದ ಕೊನೆಯ ವರ್ಷಗಳು. ನನ್ನ ಎಡ ಮಣಿಕಟ್ಟಿನ ಮೇಲೆ ಬಿಳಿ ಮಚ್ಚೆಯೊಂದು ಮೂಡಿ ಅಂಗೈಯಗಲ ಹರಡಿತ್ತು. ಅಂಟುರೋಗವಲ್ಲ ಎಂದು ಡಾಕ್ಟರು ಹೇಳಿದ್ದರೂ, ನಮ್ಮ ಚಿಗವ್ವ ಚಹಾದ ಕಪ್ಪನ್ನು ನನ್ನ ಕೈಗೆ ಕೊಡದೆ ನೆಲಕ್ಕಿಟ್ಟು ಸರಿಸುತ್ತಿದ್ದಳು. ಅವ್ವ ತುಂಬು ತೋಳಿನ ಕುಪ್ಪಸ ಹೊಲಿಸಿದಳು. ನಮ್ಮೂರ ಬೇಸಿಗೆಯಲ್ಲಿ ತುಂಬು ತೋಳು! ಸ್ನಾನ ಮಾಡುವಾಗ ಕೂಡ ನಾನು ಆ ಕೈಯನ್ನು ನೋಡುತ್ತಿರಲಿಲ್ಲ.

ಸಿಂದಗಿ ಕಡೆಯಿಂದ ಸಂಬಂಧ ಕೂಡಿ ಬಂತು. ಮಚ್ಚೆಯ ಮಾತನ್ನು ನಮ್ಮವರು ಯಾರೂ ಎತ್ತಲಿಲ್ಲ. ನಿಶ್ಚಯದ ದಿನ ಹುಡುಗನ ತಾಯಿ ಎದುರಿಗೆ ಕೂತು ಹುಡುಗಿಗೆ ಬಳೆ ಇಡಿಸುವುದು ಪದ್ಧತಿ. ಅದು ನೆನಪಾದದ್ದೇ ಅವ್ವನ ಜೀವ ಬಾಯಿಗೆ ಬಂತು. ಹಿಂದಿನ ದಿನ ಆಯಿಯನ್ನು ಅಡಿಗೆಮನೆಗೆ ಕರೆದು ಕೈಮುಗಿದಳು.

"ಆಯಿ, ನಿನ್ನ ಕಾಲಿಗಿ ಬೀಳ್ತೇನಿ. ಸಡ್ಲ ಬಳಿ ತುಗೊಂಡ ಬಾ. ಕುಪ್ಪಸದ ತ್ವಾಳ ಸರಸಬ್ಯಾಡ, ಅದರ ಮ್ಯಾಲಿಂದ್ಲೆ ಏರಸು."

ಆಯಿ "ನೋಡೂಣು" ಎಂದಷ್ಟೇ ಹೇಳಿ ಬುಟ್ಟಿ ಎತ್ತಿಕೊಂಡು ಹೋದಳು.

ಮರುದಿನ ಪಡಸಾಲೆಯ ತುಂಬ ಹೆಂಗಸರು. ಆಯಿ ನನ್ನ ಬಲಗೈಗೆ ಸೋಪು ಸವರಿ, ಬೆರಳುಗಳನ್ನು ಹಿಚುಕಿ ಮೆತ್ತಗೆ ಮಾಡಿ ಬಳೆಗಳನ್ನು ಏರಿಸಿದಳು. ಇನ್ನು ಎಡಗೈ... ನಾನು ಅದನ್ನು ಮಡಿಲಿನಿಂದ ಎತ್ತಲೇ ಇಲ್ಲ. ಅವ್ವ ಬಾಗಿಲಲ್ಲಿ ಆರತಿ ತಟ್ಟೆ ಹಿಡಿದು ನಿಂತೇ ಇದ್ದಳು. ಆಯಿ ತನ್ನ ಮೊಣಕಾಲ ಮೇಲೆ ಒಂದು ಕಡೆ ಸಡಿಲ ಬಳೆ, ಇನ್ನೊಂದು ಕಡೆ ನನ್ನ ಅಳತೆಯವು ಇಟ್ಟುಕೊಂಡು, ನನಗಷ್ಟೇ ಕೇಳುವಂತೆ ಬಾಗಿದಳು.

"ಎರಡೂ ತಂದೇನಿ, ಯವ್ವಾ. ಕೈ ನಿಂದು. ಯಾವು ಏರಸ್ಲಿ, ನೀ ಹೇಳ."

ಇವತ್ತೊಂದು ದಿನ ಮುಚ್ಚಬಹುದು. ಆಮೇಲೆ ಆ ಮನೆಯಲ್ಲಿ ಜೀವಮಾನವಿಡೀ ತೋಳು ಇಳಿಬಿಟ್ಟುಕೊಂಡು ರೊಟ್ಟಿ ಬಡಿಯಬೇಕೇ? ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಇವತ್ತಿಗೂ ಹೇಳಲಾರೆ. ಕುಪ್ಪಸದ ತೋಳನ್ನು ಮೊಣಕೈವರೆಗೆ ನಾನೇ ಸರಿಸಿದೆ.

ಹುಡುಗನ ತಾಯಿ ನೋಡಿದಳು. ನೋಡುತ್ತಲೇ ಇದ್ದಳು...

"ಇದನ್ನ ನಮಗ ಹೇಳಿದ್ದಿಲ್ಲಲ್ರಿ?" ಎಂದು ಅವ್ವನ ಕಡೆ ತಿರುಗಿದಳು. ಆಕೆ ಕೇಳಿದ್ದರಲ್ಲಿ ತಪ್ಪಿರಲಿಲ್ಲ. ಹುಡುಗನ ಕಡೆಯವರು ಒಬ್ಬೊಬ್ಬರೇ ಎದ್ದರು. ನಾನೂ ಏಳಲು ಹೋದೆ. ಆಯಿ ಕೈ ಬಿಡಲಿಲ್ಲ.

"ಒಂದ ಕೈಗೆ ಇಟ್ಟು ಏಳಬಾರ್ದು. ಕುಂದ್ರು."

ಹೊರಗೆ ಅವರ ಜೀಪು ಚಾಲೂ ಆಯಿತು. ಅವ್ವ ಬಾಗಿಲಿಗೆ ಒರಗಿ ಅಳುತ್ತಿದ್ದಳು. ಆಯಿ ಮಾತ್ರ ಅವಸರ ಮಾಡಲಿಲ್ಲ. ಚಿಗವ್ವ ಮುಟ್ಟಲು ಅಂಜುತ್ತಿದ್ದ ಮಚ್ಚೆಯ ಮೇಲೆಯೇ ಹೆಬ್ಬೆರಳು ಊರಿ ಒಂದೊಂದೇ ಬಳೆ ಏರಿಸಿದಳು. ಮುಗಿದ ಮೇಲೆ ನನ್ನ ಎರಡೂ ಕೈಗಳನ್ನು ಬೆಳಕಿಗೆ ಹಿಡಿದಳು.

"ಹಸರು ಈ ಕೈಯಾಗ ಎದ್ದ ಕಾಣ್ತೈತಿ, ನೋಡ."

ಎಷ್ಟೋ ತಿಂಗಳ ಮೇಲೆ ನನ್ನ ಕೈಯನ್ನು ನಾನು ನೋಡಿದೆ. ನಿಜ, ಬಿಳುಪಿನ ಮೇಲೆ ಹಸಿರು ಚೆಂದ ಕಾಣುತ್ತಿತ್ತು. ಮರುದಿನ ಗಿಡ್ಡ ತೋಳಿನ ಕುಪ್ಪಸ ತೊಟ್ಟು ಬಜಾರಕ್ಕೆ ಹೋದೆ. ದಾರಿಯುದ್ದಕ್ಕೂ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳಲಿಲ್ಲ.

ಆಯಿ ತೀರಿಕೊಂಡಾಗ ನಾನು ಊರು ಬಿಟ್ಟು ನಿಡಗುಂದಿಯಲ್ಲಿದ್ದೆ. ಸುದ್ದಿ ತಿಳಿಯುವಷ್ಟರಲ್ಲಿ ಮಣ್ಣು ಮಾಡಿ ಮುಗಿದಿತ್ತು. ಈಗ ಮಚ್ಚೆ ಮೊಣಕೈ ದಾಟಿದೆ. ಅಂಗಡಿಯವರು ಬಳೆಯನ್ನು ಡಬ್ಬಿಯಲ್ಲಿ ಕೊಡುತ್ತಾರೆ, ಕೈ ಹಿಡಿದು ಇಡುವವರಿಲ್ಲ.

ಸೋಪಿನ ನೊರೆಯಲ್ಲಿ ಬಳೆ ಜಾರಿ ಮಣಿಕಟ್ಟಿಗೆ ಇಳಿಯಿತು. ಕೈಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಹಸಿರು ಎದ್ದು ಕಂಡಿತು. ತೋರಿಸೋಣವೆಂದರೆ ಆಯಿ ಇಲ್ಲ.