ವಾಸನೆ ಇಲ್ಲದ ಇಬ್ಬರು

ಸಂಜೆ ಐದೂಮುಕ್ಕಾಲಿಗೆ ಜೀರುಂಡೆಗಳು ಒಮ್ಮೆಲೇ ಸುಮ್ಮನಾದವು. ಕಾರ್ಕಳದ ಕಾಡಂಚಿನಲ್ಲಿ ಹಲಸಿನ ಹಣ್ಣು ಒಡೆದು ಹಾಕಿ, ಸೋದರಮಾವನೂ ನಾನೂ ಜಿಂಕೆಗಾಗಿ ಮರದ ಮೇಲೆ ಕಾಯುತ್ತಿದ್ದೆವು. ಮನುಷ್ಯರ ವಾಸನೆ ಸಿಕ್ಕಿದರೆ ಅದು ಹತ್ತಿರ ಸುಳಿಯುವುದಿಲ್ಲವೆಂದು, ಮಾವ ಎರಡು ದಿನ ಸಾಬೂನು ಮುಟ್ಟಗೊಡದೆ ಮೈಗೆಲ್ಲ ಸೆಗಣಿನೀರು ಹಚ್ಚಿಸಿದ್ದರು.

ಬಂದದ್ದು ಚಿರತೆ. ನಮ್ಮ ಸುಳಿವೇ ಸಿಗದೆ ಅದು ಮರದ ಬುಡದಲ್ಲಿ ಮಲಗಿತು. ಮಾವ ನನ್ನ ಬಾಯಿ ಮುಚ್ಚಿದರು. ಹೆದರಿಕೆಗೆ ಬೆವರೊಡೆದು, ಒಂದು ಹನಿ ಕೆಳಗೆ ಬಿತ್ತು. ಚಿರತೆ ಮೂಗೆತ್ತಿ, ನನ್ನನ್ನೇ ಬಹಳ ಹೊತ್ತು ನೋಡಿ, ಎದ್ದು ಹೋಯಿತು.

"ನಿನ್ನ ಬೆವರೇ ನಮ್ಮನ್ನು ಉಳಿಸಿದ್ದು ಮಾರಾಯ," ಎಂದರು ಮಾವ.

ಓದಲು ಮಣಿಪಾಲಕ್ಕೆ ಮರಳಿದ ಮೇಲೆ, ರೂಮಿನಲ್ಲಿ ಕಣ್ಣು ಮುಚ್ಚಿದರೆ ಚಿರತೆಯ ಅದೇ ನೋಟ; ಹತ್ತು ರಾತ್ರಿ ನಿದ್ದೆಯಿಲ್ಲ. ಹನ್ನೊಂದನೆಯ ದಿನ ಮೈದಾನದಲ್ಲಿ ಆಟ ಆಡಿ ಬೆವತು ಬಂದವನು ಸ್ನಾನ ಮಾಡದೆ ಮಲಗಿದೆ. ನನ್ನದೇ ಬೆವರಿನ ವಾಸನೆಯಲ್ಲಿ ಬೆಳಗಿನವರೆಗೂ ನಿದ್ದೆ ಬಂತು.